ಷಡ್ಡಕರ ಒಂದೇ ಹಾಡು

ನನ್ನ ಷಡ್ಡಕರಿಗೆ ಪ್ರಪಂಚದಲ್ಲಿ ಗೊತ್ತಿರುವುದು ಒಂದೇ ಒಂದು ಹಾಡು. ಅದು ಅವರಿಗೆ ಅರ್ಥವಾಗದ ಭಾಷೆಯಲ್ಲಿದೆ. ಅದನ್ನು ಅವರಿಗೆ ಹಾಡಲು ಬರುವುದಿಲ್ಲ, ಶಿಳ್ಳೆ ಹಾಕಲೂ ಬರುವುದಿಲ್ಲ. ಇಷ್ಟಾದರೂ ನಮ್ಮ ಅತ್ತೆಮನೆಯಲ್ಲಿ 'ಸಂಗೀತ ಗೊತ್ತಿರೋ ಅಳಿಯ' ಎಂದರೆ ಅವರೇ! ವರ್ಷಗಟ್ಟಲೆ ಗುರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಸರಳೆ ಜಂಟಿಯಿಂದ ಹಿಡಿದು ವರ್ಣದವರೆಗೆ ಗಂಟಲು ಹರಿದುಕೊಂಡು, ಕಾಲಿಗೆ ಜೋಮು ಹಿಡಿಸಿಕೊಂಡ ನಾನು ಯಾರು? 'ಇನ್ನೊಬ್ಬ ಅಳಿಯ.' ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳುತ್ತೀರಾ? ಉರಿಯುತ್ತದೆ. ಅದನ್ನು ಮುಚ್ಚಿಟ್ಟು ನನಗೆ ಆಗಬೇಕಾದ್ದೇನೂ ಇಲ್ಲ.

ಷಡ್ಡಕ ಎಂಬ ಸಂಬಂಧವೇ ಅಂಥದ್ದು. ಅಣ್ಣತಮ್ಮಂದಿರನ್ನು ದೇವರು ಕೊಡುತ್ತಾನೆ, ಸ್ನೇಹಿತರನ್ನು ನಾವೇ ಆರಿಸಿಕೊಳ್ಳುತ್ತೇವೆ. ಷಡ್ಡಕನನ್ನು ಮಾತ್ರ ಮಾವ ಆರಿಸಿ ಇಟ್ಟಿರುತ್ತಾನೆ, ಅದೂ ನಮ್ಮನ್ನು ನೋಡುವುದಕ್ಕೆ ಮೊದಲೇ. ಅಕ್ಕನನ್ನು ಅವರು, ತಂಗಿಯನ್ನು ನಾನು ಮದುವೆಯಾದ ದಿನದಿಂದ ನಾವಿಬ್ಬರೂ ಒಂದೇ ಪರೀಕ್ಷೆ ಬರೆದವರ ಹಾಗೆ ಅಂಕ ಹೋಲಿಸಿಕೊಳ್ಳುತ್ತಲೇ ಇದ್ದೇವೆ. ನಿಜ ಹೇಳಬೇಕೆಂದರೆ ಹೋಲಿಸಿಕೊಳ್ಳುವವನು ನಾನೊಬ್ಬನೇ. ಅವರಿಗೆ ಪರೀಕ್ಷೆ ನಡೆಯುತ್ತಿರುವುದೇ ಗೊತ್ತಿಲ್ಲ! ಅದು ಇನ್ನೂ ಉರಿ.

ಅವರಿಗೆ ಮಾಮೂಲ್‌ಪೇಟೆಯಲ್ಲಿ ರಿಬ್ಬನ್ನು, ಲೇಸು, ಜರಿ ಅಂಚಿನ ಅಂಗಡಿ. ಆ ಓಣಿಯಲ್ಲಿ ಕೈಗಾಡಿಯವರು, ಹಮಾಲಿಗಳು, ಸ್ಕೂಟರಿನವರು ಒಟ್ಟಿಗೆ ಕೂಗುವಾಗ ಅವರೆಲ್ಲರ ಮೇಲೆ ಕೂಗಿ ವ್ಯಾಪಾರ ಮಾಡಿದ ಗಂಟಲು ಅದು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಾರೆ. ಎಲ್ಲರನ್ನೂ 'ಸ್ವಾಮಿ' ಎನ್ನುತ್ತಾರೆ. ಏನು ಕಂಡರೂ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತಾರೆ. ನನ್ನ ಮಗಳು ಹುಟ್ಟಿದಾಗ ನೋಡಲು ಬಂದವರು ಮಗುವನ್ನೂ ಅಳೆದು, "ಮೊಳಕ್ಕೆ ಸ್ವಲ್ಪ ಜಾಸ್ತೀನೇ ಇದೆ ಸ್ವಾಮಿ" ಎಂದು ಶಿಫಾರಸು ಮಾಡಿ ಹೋದರು.

ಇನ್ನು ಹಾಡಿನ ವಿಷಯ. ಅವರ ತಂದೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಕೆಲಸಗಾರರಾಗಿದ್ದರು. ಅಲ್ಲಿದ್ದ ಆಂಗ್ಲೋ ಇಂಡಿಯನ್ ಸೂಪರ್‌ವೈಸರ್ ಒಬ್ಬ ಕುಟುಂಬ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ತನ್ನ ಗ್ರಾಮಫೋನನ್ನೂ ಅದರ ಮೇಲಿದ್ದ ಒಂದು ತಟ್ಟೆಯನ್ನೂ ಇವರಿಗೆ ಕೊಟ್ಟು ಹೋದ. ಉಳಿದ ತಟ್ಟೆಗಳನ್ನೆಲ್ಲ ತನ್ನ ಜೊತೆ ಒಯ್ದ. ಹೀಗಾಗಿ ಆ ಮನೆಯಲ್ಲಿ ಇದ್ದದ್ದು ಒಂದೇ ಹಾಡು. ಅಮೆರಿಕದ ಕಪ್ಪು ಹೆಂಗಸೊಬ್ಬಳು ಎಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಹಾಡಿದ್ದು. ಅಂಥ ಹಾಡಿಗೆ ರಿದಮ್ ಅಂಡ್ ಬ್ಲೂಸ್ ಎನ್ನುತ್ತಾರಂತೆ. ಆ ಜಾತಿಯ ಮೊದಮೊದಲ ಹಾಡುಗಳಲ್ಲಿ ಇದೂ ಒಂದು, ಆ ಕಾಲಕ್ಕೆ ಅಲ್ಲಿ ಮನೆಮನೆಯಲ್ಲೂ ಕುಣಿಸಿದ್ದು. ಇಲ್ಲಿ ಇವರ ಮನೆಯಲ್ಲಿ ನಾಮಕರಣವಾದರೂ ಅದೇ ಹಾಡು, ಸೀಮಂತವಾದರೂ ಅದೇ, ಗಣಪತಿ ಕೂರಿಸಿದರೂ ಅದೇ. ಗಣಪತಿಗೂ ಇಂಗ್ಲಿಷ್ ಬಂದಿರಬೇಕು!

ಹಾಡಿನ ಹೆಸರೇನು ಎಂದು ಕೇಳಬೇಡಿ. ತಟ್ಟೆಯ ನಡುವಿನ ಗುಂಡು ಕಾಗದದ ಮೇಲೆ ಹಾಡಿನ ಹೆಸರೂ ಹಾಡಿದವಳ ಹೆಸರೂ ಇತ್ತಂತೆ. ಆದರೆ ವರ್ಷಾ ವರ್ಷಾ ಆಯುಧಪೂಜೆಯ ದಿನ ಗ್ರಾಮಫೋನಿಗೂ ತಟ್ಟೆಗೂ ಅರಿಶಿನ ಕುಂಕುಮ ಹಚ್ಚಿ, ಗಂಧ ಮೆತ್ತಿ, ಈಗ ಅಲ್ಲಿ ಚೌಡೇಶ್ವರಿಯ ಮುಖದಷ್ಟು ಕೆಂಪು ಮಾತ್ರ ಕಾಣುತ್ತದೆ. ನಾನು ಮಗಳ ಫೋನನ್ನು ಗ್ರಾಮಫೋನಿನ ಮುಂದೆ ಹಿಡಿದು ಹೆಸರು ಪತ್ತೆ ಮಾಡಿಸಿದೆ. ಹೇಳಲು ಹೋದರೆ ಷಡ್ಡಕರು ಎರಡೂ ಕಿವಿ ಮುಚ್ಚಿಕೊಂಡರು. "ಅಮ್ಮನ್ನ ಯಾರಾದ್ರೂ ಹೆಸರು ಹಿಡಿದು ಕರೀತಾರಾ ಸ್ವಾಮಿ?" ಎಂದು ನನ್ನನ್ನೇ ಕೇಳಿದರು. ಸುತ್ತ ಇದ್ದವರೆಲ್ಲ ನನ್ನನ್ನು ಅಮ್ಮನನ್ನು ಹೆಸರು ಹಿಡಿದು ಕರೆಯುವವನ ಹಾಗೆ ನೋಡಿದರು.

ಪ್ರಪಂಚದ ಸಕಲ ಸಂಗೀತವೂ ಈ ಒಂದು ಹಾಡಿನ ಸಂತಾನ ಎಂಬುದು ಅವರ ಸಿದ್ಧಾಂತ. ರಾಕ್ ಅಂಡ್ ರೋಲ್ ಇದರ ಹಿರಿಮಗ. ಸಿನಿಮಾ ಹಾಡುಗಳು ಮೊಮ್ಮಕ್ಕಳು. ಮನೆ ಎದುರಿನ ಜಿಮ್ಮಿನಲ್ಲಿ ಡಬಡಬ ಬಡಿಯುವುದು ದಾರಿ ತಪ್ಪಿದ ಮರಿಮೊಮ್ಮಗ. ಸಂಪಿಗೆ ರಸ್ತೆಯ ಮೆಟ್ರೊದಲ್ಲಿ ಬಾಗಿಲು ಮುಚ್ಚುವ ಮೊದಲು ಟಿಂಗ್ ಎನ್ನುತ್ತದಲ್ಲ, ಅದು ಕೂಡ ದೂರದ ಸಂಬಂಧವಂತೆ. ನನಗೆ ತಡೆಯದೆ ಒಮ್ಮೆ ಕೇಳಿಯೇಬಿಟ್ಟೆ. ನಮ್ಮ ಕೀರ್ತನೆಗಳು ಇದಕ್ಕಿಂತ ನೂರಾರು ವರ್ಷ ಹಳೆಯವಲ್ಲವೇ, ಅವು ಹೇಗೆ ಇದರ ಮಕ್ಕಳಾಗುತ್ತವೆ? ಈಗ ಸಿಕ್ಕಿಬಿದ್ದರು ಎಂದುಕೊಂಡೆ. ಅವರು ಎಲೆ ಅಡಿಕೆ ಜಗಿಯುತ್ತಾ ಒಂದು ಕ್ಷಣ ಯೋಚಿಸಿ, "ಅವು ತಾಯಿ ಕಡೆಯೋರು ಸ್ವಾಮಿ" ಎಂದರು. ಅತ್ತೆ ನಕ್ಕರು. ನನ್ನ ಹೆಂಡತಿಯೂ ನಕ್ಕಳು!

ಹಾಡಿನ ಅರ್ಥವಂತೂ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿತ್ತು. ನಿಶ್ಚಿತಾರ್ಥದ ಮನೆಯಲ್ಲಿ, ಬರುವವಳು ಸುಖವಾಗಿ ಬರಲಿ ಎಂದು ಆಕೆ ಹಾಡುತ್ತಿದ್ದಾಳೆ ಎನ್ನುತ್ತಿದ್ದರು. ಹನ್ನೊಂದನೆಯ ದಿನದ ಮನೆಯಲ್ಲಿ, ಹೋದವರು ಸುಖವಾಗಿ ಹೋಗಲಿ ಎಂದು ಹಾಡುತ್ತಿದ್ದಾಳೆ ಎನ್ನುತ್ತಿದ್ದರು. ಎರಡು ಕಡೆಯೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ನನ್ನ ಮಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪದಪದವಾಗಿ ಕೇಳಿ ನಿಜ ಹೇಳಿದಳು. ಆಕೆ ಬಾಡಿಗೆ ಮನೆಯ ಮಾಲೀಕನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ, ಅಷ್ಟೇ! ನನಗೆ ಎಷ್ಟು ಸಂತೋಷವಾಯಿತೆಂದರೆ ಮಲ್ಲೇಶ್ವರದಿಂದ ಚಾಮರಾಜಪೇಟೆಯ ಅತ್ತೆಮನೆಗೆ ಅದೊಂದನ್ನು ಹೇಳುವುದಕ್ಕೆಂದೇ ಹೋದೆ. ಹೇಳಿದೆ. ಷಡ್ಡಕರ ಮಾನ ಹರಾಜಾಗುತ್ತದೆ ಎಂದು ಕಾದು ಕೂತೆ. ಆದದ್ದೇನು? ಅತ್ತೆಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮಹಾಶಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, ಅಂದೇ ಆ ಹಾಡನ್ನು ತನ್ನ ರಿಂಗ್‌ಟೋನ್ ಮಾಡಿಕೊಂಡ.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ತಾಳ. ನಾವೆಲ್ಲ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಾಗ ಒಂದಕ್ಕೂ ಮೂರಕ್ಕೂ ಒತ್ತು ಕೊಟ್ಟು ಚಪ್ಪಾಳೆ ತಟ್ಟುತ್ತೇವೆ. ಇದು ಹುಟ್ಟಿನಿಂದ ಬಂದದ್ದು, ಮಕ್ಕಳಿಗೂ ಗೊತ್ತು. ಆ ಅಮೆರಿಕದ ಹೆಂಗಸಿನ ಹಾಡಿನಲ್ಲಿ ಏಟು ಬೀಳುವುದು ಎರಡರ ಮೇಲೆ, ನಾಲ್ಕರ ಮೇಲೆ. ಬಾಲ್ಯದಿಂದ ಅದೊಂದನ್ನೇ ಕೇಳಿ ಬೆಳೆದ ಷಡ್ಡಕರು ಯಾವ ಹಾಡಿಗಾದರೂ ಎರಡು, ನಾಲ್ಕಕ್ಕೇ ತಟ್ಟುತ್ತಾರೆ. ಮಂಗಳಾರತಿಗೂ ಹಾಗೆಯೇ. ಗಂಟೆ ಬಾರಿಸುವ ಅರ್ಚಕರು ಎರಡು ಸಲ ಆರತಿ ತಟ್ಟೆಯ ದಿಕ್ಕು ತಪ್ಪಿದ್ದನ್ನು ನಾನೇ ಕಂಡಿದ್ದೇನೆ.

ರಾಮನವಮಿಯ ಚಪ್ಪರದಲ್ಲಿ ಒಂದು ಸಂಜೆ ನಡೆದದ್ದನ್ನು ಹೇಳಲೇಬೇಕು. ದೊಡ್ಡ ವಿದ್ವಾಂಸರ ಕಚೇರಿ. ನಾನು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ಆದಿತಾಳವನ್ನು ಬೆರಳೆಣಿಕೆ ಸಮೇತ ಶಾಸ್ತ್ರೋಕ್ತವಾಗಿ ಹಾಕುತ್ತಿದ್ದೆ. ಕೋಸಂಬರಿ ದೊನ್ನೆ ಮುಗಿಸಿದ ಷಡ್ಡಕರು ನನ್ನ ಪಕ್ಕದಲ್ಲೇ ಕೂತು ತಮ್ಮ ಎರಡು, ನಾಲ್ಕು ಶುರು ಮಾಡಿದರು. ಮೃದಂಗದವರು ಒಮ್ಮೆ ತಲೆಯೆತ್ತಿ ನೋಡಿದರು. ನಾನು ಮುಖ ಆ ಕಡೆ ತಿರುಗಿಸಿ, ಈ ಮನುಷ್ಯನಿಗೂ ನನಗೂ ಸಂಬಂಧವಿಲ್ಲ ಎಂಬಂತೆ ಚಪ್ಪರದ ಬೊಂಬು ಎಣಿಸತೊಡಗಿದೆ. ಕಚೇರಿ ಮುಗಿದ ಮೇಲೆ ಮೃದಂಗದವರು ವೇದಿಕೆ ಇಳಿದು ನೆಟ್ಟಗೆ ನಮ್ಮ ಕಡೆಗೇ ಬಂದರು. ಈಗ ಆಗುತ್ತದೆ ಮಂಗಳಾರತಿ ಎಂದು ನಾನು ಒಳಗೊಳಗೇ ಕುಣಿದೆ. ಅವರು ಷಡ್ಡಕರ ಕೈ ಹಿಡಿದು, ನಿಮ್ಮ ತಟ್ಟು ಕೇಳಿ ತನಿ ಆವರ್ತನದಲ್ಲಿ ಒಂದು ಹೊಸ ನಡೆ ಹೊಳೆಯಿತು ಎಂದು ಕೈ ಮುಗಿದರು. ಮೂರು ಗಂಟೆ ತಪ್ಪಿಲ್ಲದೆ ತಾಳ ಹಾಕಿದ ನನ್ನ ಕಡೆ ತಿರುಗಿ, ಪಾನಕ ಎಲ್ಲಿ ಕೊಡುತ್ತಿದ್ದಾರೆ ಎಂದು ಕೇಳಿದರು.

ಆಮೇಲೆ ಬಸವನಗುಡಿಯ ಕಾಲೇಜು ಹುಡುಗರ ಬ್ಯಾಂಡೊಂದು ಅವರನ್ನು ಹುಡುಕಿಕೊಂಡು ಬಂದು ವಿಡಿಯೊ ಮಾಡಿಕೊಂಡಿತು. ಲಕ್ಷಾಂತರ ಜನ ನೋಡಿದರಂತೆ. ನಾನೂ ಪಕ್ಕದಲ್ಲೇ ಕೂತಿದ್ದೆ. ವಿಡಿಯೊದಲ್ಲಿ ನನ್ನ ಮೊಣಕೈ ಮಾತ್ರ ಬಂದಿದೆ. ನೆಂಟರೊಬ್ಬರು ಫೋನ್ ಮಾಡಿ ಮೊಣಕೈ ಸ್ಪಷ್ಟವಾಗಿ ಬಂದಿದೆ ಎಂದು ಅಭಿನಂದಿಸಿದರು.

ಹೋಗಲಿ, ಲಕ್ಷಾಂತರ ಜನ ನನಗೆ ಬೇಡ. ನನಗೆ ಬೇಕಾಗಿದ್ದವರು ಒಬ್ಬರೇ, ನಮ್ಮ ಅತ್ತೆ. ಹೆಣ್ಣು ನೋಡಲು ಹೋದ ದಿನ ಹುಡುಗನಿಗೆ ಸಂಗೀತ ಬರುತ್ತಂತೆ ಎಂದು ಯಾರೋ ಹೇಳಿ, ನಾನು ಕಣ್ಣು ಮುಚ್ಚಿ ವಿಳಂಬ ಕಾಲದಲ್ಲಿ ಒಂದು ದೇವರನಾಮ ಹಾಡಿದ್ದೆ. ಕಣ್ಣು ಬಿಟ್ಟಾಗ ಅತ್ತೆ, "ಕಾಫಿ ಆರೋಗುತ್ತೆ, ಕುಡೀರಿ" ಎಂದರು. ಅಂದಿನಿಂದ ಮೂವತ್ತು ವರ್ಷ ಹಬ್ಬ ಹರಿದಿನ ಹುಟ್ಟುಹಬ್ಬಗಳಲ್ಲಿ ಹಾಡುತ್ತಲೇ ಬಂದಿದ್ದೇನೆ. 'ಚೆನ್ನಾಗಿತ್ತು' ಎಂಬ ನಾಲ್ಕಕ್ಷರ ಆ ಬಾಯಿಂದ ಬರಲಿಲ್ಲ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು ನಾನು. ಹೊಗಳಬೇಕಾದವರು ಹೊಗಳದೇ ಹೋದರೆ ಎಷ್ಟು ವಯಸ್ಸಾದರೂ ಕೊರಗು ಹೋಗುವುದಿಲ್ಲ.

ಅತ್ತೆಮನೆಯ ನಡುಮನೆಯಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಹಾಡಿಸುವವನು ನಾನು. ಆದರೆ ಸಭೆಯ ಯಜಮಾನಿಕೆ ಅತ್ತೆಯದು. ಅವರು ಮರದ ಕೈಕುರ್ಚಿಯಲ್ಲಿ ಕೂರುತ್ತಾರೆ. ಅವರು ತಟ್ಟಿದಂತೆ ಎಲ್ಲರೂ ತಟ್ಟುತ್ತಾರೆ. ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಯಾರದು? ಬೇರೆ ಹೇಳಬೇಕೇ? ಷಡ್ಡಕರು ಅಲ್ಲಿ ಕೂತು ಅತ್ತೆಯ ಕುರ್ಚಿಯ ಕೈಮೇಲೆ ತಬಲಾ ಬಾರಿಸುತ್ತಾರೆ. ಕೆಲವು ಸಲ ಮುದ್ದು ಮಗುವಿನ ಹಾಗೆ ಅತ್ತೆಯ ಕೈಮೇಲೇ ಬೆರಳಾಡಿಸುತ್ತಾರೆ. ಅರವತ್ತು ದಾಟಿದ ಗಂಡಸು ಹೀಗೆ ಬೆಣ್ಣೆ ಹಚ್ಚುವುದೇ! ಫಲವೇನೆಂದರೆ ಈ ಎರಡು ಮೂರು ವರ್ಷಗಳಲ್ಲಿ ಅತ್ತೆಯೂ ಎರಡು, ನಾಲ್ಕಕ್ಕೆ ತಟ್ಟತೊಡಗಿದರು. ಅವರನ್ನು ನೋಡಿ ಇಡೀ ಭಜನಾ ಮಂಡಳಿ ಎರಡು, ನಾಲ್ಕಕ್ಕೆ ಇಳಿಯಿತು. ನಾನೊಬ್ಬ ಒಂದು, ಮೂರು ಹಿಡಿದುಕೊಂಡು ಒನ್‌ವೇಯಲ್ಲಿ ಎದುರು ಬಂದ ಸ್ಕೂಟರಿನವನಂತೆ ಒದ್ದಾಡುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ಕೇಳಿ, ನಿಮ್ಮ ಭಜನೆಗೆ ಈಗ ಒಂಥರಾ ಗಮ್ಮತ್ತು ಬಂದಿದೆ ಎಂದು ಷಡ್ಡಕರನ್ನು ಹೊಗಳಿ ಹೋಗುತ್ತಿದ್ದರು.

ಅತ್ತೆಯೂ ಈಚೆಗೆ ಬಹಳ ಸಾಧುವಾಗಿದ್ದರು. ಒಂದು ಕಾಲಕ್ಕೆ ನಡುಮನೆಯಲ್ಲಿ ಕೂತು, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ತೆಗೆದದ್ದೋ ಬೆಲ್ಲದ ಡಬ್ಬ ತೆಗೆದದ್ದೋ ಹೇಳುತ್ತಿದ್ದವರು. ಈಗ ಜೊತೆಯಲ್ಲಿರುವ ಸೊಸೆ ಏನಂದರೂ ನಗುತ್ತಾರೆ, ಎದುರು ಮಾತಿಲ್ಲ. ತಾನು ಹಿಡಿದ ಹದಿನಾರು ಸೋಮವಾರದ ವ್ರತ ಫಲಿಸಿದೆ ಎಂದು ಆಕೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳು. ನಾನು ಹಾಡಿದರೂ ಅತ್ತೆ ನಗುತ್ತಿದ್ದರು, ಅಷ್ಟೇ. ಕಾಫಿಯ ಮಾತು ನಿಂತದ್ದೇ ಪ್ರಗತಿ ಎಂದುಕೊಂಡಿದ್ದೆ.

ಅವರಿಗೆ ಎಂಬತ್ತು ತುಂಬಿದ್ದು ಒಂದು ಶನಿವಾರ. ಛತ್ರ ಬೇಡ, ಮನೆಯಲ್ಲಿ ಭಜನೆ ಸಾಕು ಎಂದರು. ನಾನು ಅಂದೇ ತೀರ್ಮಾನ ಮಾಡಿದೆ. ಆ ಪ್ಲಾಸ್ಟಿಕ್ ಕುರ್ಚಿ ನನ್ನದು. ಪಕ್ಕದಲ್ಲಿ ಕೂತು, ಹೆಣ್ಣು ನೋಡಿದ ದಿನ ಹಾಡಿದ ಅದೇ ದೇವರನಾಮವನ್ನು ಹಾಡಿ, ಸರಿಯಾದ ತಾಳ ಯಾವುದು ಎಂದು ಅತ್ತೆಗೆ ತೋರಿಸಿ, ಆ ನಾಲ್ಕಕ್ಷರವನ್ನು ವಸೂಲಿ ಮಾಡಿಯೇ ಏಳಬೇಕು. ಊಟದ ಹೊತ್ತಿಗೇ ಮೆಟ್ರೊ ಹಿಡಿದು ಮಾರ್ಕೆಟ್ಟಿನಲ್ಲಿ ಇಳಿದು ಬೇಗ ಬೇಗ ನಡೆದೆ. ಕುರ್ಚಿಯ ಮೇಲೆ ಬ್ಯಾಗಿಟ್ಟೆ. ಆಮೇಲೆ, ಬ್ಯಾಗನ್ನು ಯಾರಾದರೂ ಎತ್ತಿಟ್ಟಾರು ಎಂದು ನಾನೇ ಕೂತೆ.

ಷಡ್ಡಕರು ಬಂದರು. ಕುರ್ಚಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಇವತ್ತು ನಾನು ಇಲ್ಲಿ ಕೂರುತ್ತೇನೆ ಎಂದೆ. "ಇರ್ಲಿ ಇರ್ಲಿ, ಕೂತ್ಕೊಳ್ಳಿ ಸ್ವಾಮಿ" ಎಂದು ಹೊಸಿಲ ಬಳಿ, ಚಪ್ಪಲಿಗಳ ಪಕ್ಕ ಹೋಗಿ ಕೂತರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಅಂಕ ಮೇಲಿತ್ತು.

ಹಾಡು ಶುರು ಮಾಡಿದೆ. ಅತ್ತೆಯ ಕೈ ತಟ್ಟಲು ಮೇಲೆದ್ದಿತು, ಹಾಗೇ ನಿಂತಿತು. ಅವರು ನನ್ನ ಬಾಯಿ ನೋಡಿದರು. ಎದುರು ಕೂತವರ ಕೈ ನೋಡಿದರು. ಅವರೆಲ್ಲ ಅತ್ತೆಯ ಕೈ ನೋಡುತ್ತಿದ್ದರು. ಪಲ್ಲವಿ ಮುಗಿಸಿ ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಆ ಮೌನದಲ್ಲಿ ಅತ್ತೆಯೊಬ್ಬರೇ ತಟ್ಟಿದರು. ಒಂದೇ ಚಪ್ಪಾಳೆ. ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಎಂದಿನ ಹಾಗೆ ನಗತೊಡಗಿದರು. ಆ ನಗುವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದರಲ್ಲಿ ನಗು ಇರಲಿಲ್ಲ, ಹೆದರಿಕೆ ಇತ್ತು.

ಷಡ್ಡಕರು ಎದ್ದು ಬಂದರು. ಕುರ್ಚಿ ಕೇಳಲಿಲ್ಲ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು, ಅವರ ಪಾದದ ಮೇಲೆ ಎರಡು ಬೆರಳಿಟ್ಟು ತಟ್ಟತೊಡಗಿದರು. ಎರಡು, ನಾಲ್ಕು. ಅತ್ತೆಯ ಕೈ ಸೆರಗಿನಿಂದ ಹೊರಬಂತು. ಚಪ್ಪಾಳೆ ಕೂಡಿಕೊಂಡಿತು, ಹೆಂಗಸರೆಲ್ಲ ಕೂಡಿಕೊಂಡರು. ನಾನು ಹೇಗೆ ಹಾಡಿ ಮುಗಿಸಿದೆನೋ ನನಗೆ ನೆನಪಿಲ್ಲ.

ಆಮೇಲೆ ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಹತ್ತಿರ ಷಡ್ಡಕರನ್ನು ಹಿಡಿದೆ. ಅತ್ತೆ ಯಾವತ್ತಿನಿಂದ ಹೀಗೆ ಎಂದು ಕೇಳಿದೆ. ಅವರು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮೆತ್ತಗೆ ಮಾತಾಡಿದರು.

"ಮೂರು ವರ್ಷ ಆಗ್ತಾ ಬಂತು. ನಂದು ಅಂಗಡಿ ಗಂಟಲು ಸ್ವಾಮಿ. ನಾನು ಮಾತಾಡಿದ್ದಕ್ಕೂ ಒಂದಿನ 'ಏನಂದ್ರಿ' ಅಂದ್ರು. ಅವತ್ತೇ ಗೊತ್ತಾಗೋಯ್ತು."

ನಮಗೆ ಹೇಳಬಾರದಿತ್ತೇ ಎಂದೆ.

"ಆಣೆ ಹಾಕಿಸ್ಕೊಂಡಿದಾರೆ. ಕಿವಿ ಕೇಳ್ಸಲ್ಲ ಅಂತ ಗೊತ್ತಾದ್ರೆ ಜನ ಮಾತಾಡ್ಸೋದೇ ಬಿಟ್ಬಿಡ್ತಾರೆ ಅಂದ್ರು. ಸುಳ್ಳಾ? ನಮ್ಮಪ್ಪನ್ನ ನಾವು ಹಂಗೇ ಬಿಟ್ಬಿಟ್ಟಿದ್ವಿ."

ಮಗ್ಗದ ಶೆಡ್ಡಿನ ಸದ್ದಿನಲ್ಲಿ ಅವರ ತಂದೆಯ ಕಿವಿ ಬೇಗನೆ ಹೋಗಿತ್ತಂತೆ. ಮನೆಗೆ ಬಂದರೆ ಗೋಡೆಗೆ ಒರಗಿ ಕೂರುತ್ತಿದ್ದರಂತೆ. ಕೂಗಿ ಕೂಗಿ ಸಾಕಾಗಿ ಹೆಂಡತಿ ಮಕ್ಕಳು ಮಾತು ನಿಲ್ಲಿಸಿದ್ದರು. ಒಂದು ದಿನ ತಟ್ಟೆ ತಿರುಗುತ್ತಿದ್ದಾಗ ಗ್ರಾಮಫೋನಿನ ಮರದ ಪೆಟ್ಟಿಗೆಯ ಮೇಲೆ ಅವರು ಅಂಗೈ ಇಟ್ಟರು. ಆ ಹೆಂಗಸಿನ ಹಾಡಿನಲ್ಲಿ ಎರಡು, ನಾಲ್ಕರ ಏಟು ಎಂಥ ಜೋರೆಂದರೆ ಕೈಗೆ ಸಿಕ್ಕಿತು. ಅವರು ಚಪ್ಪಾಳೆ ತಟ್ಟಿದರು. ಎಳೆಯ ಮಗನೂ ಜೊತೆಗೆ ತಟ್ಟಿದ. ಅಪ್ಪ ಮಗ ಮಾತಾಡಿಕೊಂಡದ್ದು ಅಂದರೆ ಅಷ್ಟೇ. ಅದಕ್ಕೇ ದಿನಾ ಅದೊಂದೇ ಹಾಡು.

"ನಿಮ್ಮ ಒಂದು, ಮೂರು ಕೈಗೆ ಸಿಗಲ್ಲ ಸ್ವಾಮಿ" ಎಂದು ಅವರು ಕೈಯಲ್ಲಿದ್ದ ಕಾಫಿ ಲೋಟ ತೊಳೆದಿಟ್ಟರು.

ನನಗೆ ಆಗ ಆದ ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ. ವಿಡಿಯೊ, ಮೃದಂಗ, ರಿಂಗ್‌ಟೋನ್ ಎಲ್ಲವೂ ಅದರ ಮುಂದೆ ಏನೂ ಅಲ್ಲ. ಮೂರು ವರ್ಷ ನಾನು ಆ ಮುಖದ ಎದುರು ಕೂತು ಹಾಡಿದ್ದೇನೆ. ಕಾಣಬೇಕಾದದ್ದು ಷಡ್ಡಕರಿಗೆ ಕಂಡಿತು, ನನಗೆ ಕಾಣಲಿಲ್ಲ.

ಜನ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡರು. ಸಂಜೆಯೆಲ್ಲ ನನ್ನ ಮುಖ ಬಾಡಿದ್ದನ್ನು ಅವರ ಕಣ್ಣು ನೋಡಿತ್ತು. "ಅಳಿಯಂದ್ರೇ, ಇವತ್ತು ನಿಮ್ಮ ಹಾಡು ಬಹಳ ಚೆನ್ನಾಗಿತ್ತು" ಎಂದರು.

ಮೂವತ್ತು ವರ್ಷ ಕಾದದ್ದು ಬಂತು. ಶುದ್ಧ ಸುಳ್ಳು. ಒಂದು ಸ್ವರವೂ ಕೇಳದವರು, ನನ್ನ ಮನಸ್ಸಿಗೆ ಬೇಸರವಾಗಬಾರದೆಂದು ಹೇಳಿದ ಸುಳ್ಳು.

ನಾನು ಅವರ ಕೈ ತೆಗೆದುಕೊಂಡು, ಅಂಗೈ ಮೇಲೆ ಮಾಡಿ, ಬೆರಳಿಟ್ಟೆ. ಅವರು ಥಟ್ಟನೆ ಷಡ್ಡಕರ ಕಡೆ ತಿರುಗಿ ನೋಡಿದರು. ಷಡ್ಡಕರು ಜಂತೆ ನೋಡುತ್ತಾ ಕೂತಿದ್ದರು. ಅತ್ತೆಗೆ ಎಲ್ಲ ತಿಳಿಯಿತು. ಕೈ ಎಳೆದುಕೊಳ್ಳಲಿಲ್ಲ. ನಾನು ಮೊದಲ ಸಾಲಿನಿಂದ ಮೆಲ್ಲಗೆ ಹಾಡುತ್ತಾ, ಗುರುಗಳು ಕಲಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟು, ಎರಡಕ್ಕೂ ನಾಲ್ಕಕ್ಕೂ ಅವರ ಅಂಗೈಯಲ್ಲಿ ತಟ್ಟುತ್ತಾ ಹೋದೆ. ಅತ್ತೆ ಕಣ್ಣು ಮುಚ್ಚಿಕೊಂಡು ಪಲ್ಲವಿ ಮುಗಿಯುವವರೆಗೂ ತಾಳ್ಮೆಯಿಂದ ಇದ್ದರು.

ಆಮೇಲೆ ಕಣ್ಣು ಬಿಟ್ಟು, "ಅಯ್ಯೋ, ಈಗಲೂ ಇಷ್ಟೊಂದು ನಿಧಾನವಾ?" ಎಂದರು.

ಮೂವತ್ತು ವರ್ಷದಲ್ಲಿ ನನ್ನ ಹಾಡಿಗೆ ಅತ್ತೆ ಕೊಟ್ಟ ಮೊದಲ ನಿಜವಾದ ಅಭಿಪ್ರಾಯ ಅದು. ನಾನು ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, ಕಾಲ ಏರಿಸಿ, ಮತ್ತೆ ಮೊದಲಿನಿಂದ ಹಾಡತೊಡಗಿದೆ.